ಪೇರೆಂಟ್ಸ್ ಸಿಗ್ನೇಚರ್

ಹೊಸೂರಿನ ಶಾಲೆಯೊಂದರಲ್ಲಿ ಅಡ್ಮಿಷನ್ ಫಾರಂ ತೆಗೆದುಕೊಳ್ಳುವುದು ನನ್ನ ಕೆಲಸ. ಹತ್ತಿರದ ಬೇರಿಕೆ ಊರಿನ ಕಡೆಯ ತಾಯಿಯೊಬ್ಬರು ಮಗಳನ್ನು ಒಂಬತ್ತನೇ ಕ್ಲಾಸಿಗೆ ಸೇರಿಸಲು ಬಂದಿದ್ದರು.

“ಇವ್ರಪ್ಪ ತೀರ್ಕೊಂಡವ್ರೆ ಮೇಡಂ. ನಂದೊಂದೇ ಸೈನು ಸಾಕಾ?”

“ಸಾಕಮ್ಮ” ಎಂದೆ.

ಮಗಳು ಒಪ್ಪಲಿಲ್ಲ. ಫಾರಮಿನಲ್ಲಿ ಸಹಿ ಹಾಕುವ ಜಾಗ ತೋರಿಸಿದಳು. “ಪೇರೆಂಟ್ಸ್ ಅಂತ ಬರ್ದು, ಎಸ್ ಆದ್ಮೇಲೆ ಅಪಾಸ್ಟ್ರಫಿ ಹಾಕವ್ರೆ. ಅಂದ್ರೆ ಇಬ್ರದೂ ಬೇಕು. ಆಮೇಲೆ ಸೀಟಿಲ್ಲ ಅಂದ್ಬುಟ್ರೆ?”

ಅವಳೇ ಪೆನ್ನು ತೆಗೆದುಕೊಂಡು ಆ ಗುರುತನ್ನು ಹೊಡೆದುಹಾಕಿ, ಎಸ್‌ಗಿಂತ ಮುಂಚೆ ಹೊಸದೊಂದನ್ನು ಹಾಕಿದಳು.

“ಈಗ ಒಬ್ರದೇ ಸಾಕು” ಎಂದಳು ಮೆಲ್ಲಗೆ. ಇಂಗ್ಲಿಷ್ ಬಾರದ ತಾಯಿ ಅವಳ ತಲೆ ಸವರಿ ಸಹಿ ಹಾಕಿದರು.

ಹೆಡ್‌ಮಾಸ್ಟರು ಸೀಟು ಕೊಟ್ಟರು. ಆದರೆ ಫಾರಂ ತಿದ್ದಿದ ಕಡೆ ಸಹಿ ಇರಲೇಬೇಕೆಂದರು. ತಾಯಿ ಅಲ್ಲಿಯೂ ಸಹಿ ಹಾಕಿದರು. ಕೊನೆಗೂ ಆ ಫಾರಮಿನಲ್ಲಿ ಸಹಿ ಎರಡಾದವು.