ಕೆಡದ ಎಣ್ಣೆ

ಮುಂಬೈಯ ಘಾಟ್ಕೋಪರಿನ ಒಂದು ಚಾಳಿನಲ್ಲಿ ಕಾಶಪ್ಪ ಎಂದರೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದುದು ಅವನ ಎಣ್ಣೆ. ಬಿಜಾಪುರದ ಕಡೆಯಿಂದ ಬಂದವನಿಗೆ ಕರೆಂಟಿನ ಕಂಡೆನ್ಸರ್ ಮಾಡುವ ಕಾರ್ಖಾನೆಯಲ್ಲಿ ಅವುಗಳೊಳಗೆ ಎಣ್ಣೆ ತುಂಬುವ ಕೆಲಸ ಸಿಕ್ಕಿತ್ತು. ಕಡ್ಡಿ ಗೀರಿ ಹಿಡಿದರೂ ಹೊತ್ತದ, ವರ್ಷಗಟ್ಟಲೆ ಇಟ್ಟರೂ ಕೆಡದ ಎಣ್ಣೆ ಅದು. ತಿಕ್ಕಿದರೆ ಕೀಲುನೋವು ಓಡಿಹೋಗುತ್ತದೆಂದು ಕಾರ್ಖಾನೆಯವರೆಲ್ಲ ನಂಬಿದ್ದರು. ಶೀಸೆಯಲ್ಲಿ ಒಂದಿಷ್ಟು ಮನೆಗೆ ಒಯ್ದರೆ ಯಾರೂ ಕೇಳುತ್ತಿರಲಿಲ್ಲ.

ಅವನು ಒಯ್ಯುತ್ತಿದ್ದುದು ಹೆಂಡತಿ ದಾನವ್ವನಿಗಾಗಿ. ಮೊದಲೇ ದಪ್ಪ ಮೈ. ಮುಂಬೈ ನೀರು ಹಿಡಿಸಿದ ಮೇಲಂತೂ ಚಾಳಿನ ಮೆಟ್ಟಿಲೆಂದರೆ ಮೊಣಕಾಲು ಹಟ ಹಿಡಿಯುತ್ತಿತ್ತು. ಕಾಶಪ್ಪ ದಿನಾ ಸಂಜೆ ಆಕೆಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದ. ನಗುವವರು ನಕ್ಕರು, ಅವನು ಕ್ಯಾರೇ ಎನ್ನಲಿಲ್ಲ. ಅವಳೆಂದರೆ ಅವನಿಗೆ ಅಷ್ಟು ಜೀವ.

"ನಿಮ್ಮ ಕೈಗುಣ ಭಾಳ ಛಲೋ ಐತ್ರಿ," ಎನ್ನುತ್ತಿದ್ದಳು ದಾನವ್ವ.

ಕ್ರಮೇಣ ಅವನ ಕೆನ್ನೆಯ ಮೇಲೆ ಕಪ್ಪು ಗುಳ್ಳೆಗಳೆದ್ದವು. ಎಣ್ಣೆ ತುಂಬುವವರಿಗೆಲ್ಲ ಇದ್ದವಲ್ಲ, ಸೆಕೆಗೆ ಎಂದುಕೊಂಡ. ಆಮೇಲೆ ದಾನವ್ವನ ಮೊಣಕಾಲ ಮೇಲೂ ಅವೇ ಗುಳ್ಳೆಗಳು. ಪಾಪ, ಅವುಗಳಿಗೂ ಆ ಎಣ್ಣೆಯನ್ನೇ ಹಚ್ಚಿದ.

ಎಪ್ಪತ್ಮೂರರ ಮಳೆಗಾಲದಲ್ಲಿ ಆಕೆಗೆ ಊಟ ಸೇರದಾಯಿತು, ಕಣ್ಣು ಹಳದಿಯಾದವು. ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಲಿವರ್ ಬಾತಿದೆ, ದಾರು ಕುಡಿಯುತ್ತಾಳೆಯೇ ಎಂದು ಕೇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ ದಾನವ್ವ ಮುಖ ತಿರುಗಿಸಿದಳು. ಡಾಕ್ಟರು ಆಕೆಯ ಮೊಣಕಾಲು ನೋಡಿದರು, ಕಾಶಪ್ಪನ ಕೆನ್ನೆ ನೋಡಿದರು, ಏನು ಕೆಲಸ ಎಂದರು. ಅವನು ಎಣ್ಣೆಯ ವಿಷಯವನ್ನು ಹೆಮ್ಮೆಯಿಂದಲೇ ಹೇಳಿದ.

ಡಾಕ್ಟರು ಅವನನ್ನು ವರಾಂಡಕ್ಕೆ ಕರೆದೊಯ್ದರು. ಜಪಾನಿನಲ್ಲಿ ಇಂಥದೇ ಎಣ್ಣೆ ಹೊಟ್ಟೆಗೆ ಹೋಗಿ ಜನ ಹಾಸಿಗೆ ಹಿಡಿದದ್ದನ್ನು ಅವರು ಓದಿದ್ದರು. ಅದು ಚರ್ಮದಿಂದಲೂ ಒಳಗಿಳಿಯುತ್ತದೆ, ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಲಿವರನ್ನು ಕೆಡಿಸುತ್ತದೆ, ಇವತ್ತೇ ನಿಲ್ಲಿಸು ಎಂದರು.

"ನಿಲ್ಲಸ್ತೀನ್ರಿ ಸಾಹೇಬ್ರ. ಒಳಗ ಹೋಗಿದ್ದು ಯಾವಾಗ ಹೊರಗ ಬರತೈತ್ರಿ?"

ಸುಲಭಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಉಪವಾಸ ಕೆಡವಿ ಸೊರಗಿಸುವುದೂ ಬೇಡ. ಕೊಬ್ಬು ಒಮ್ಮೆಲೇ ಕರಗಿದರೆ ಅದರಲ್ಲಿ ಸೇರಿದ ಎಣ್ಣೆ ರಕ್ತಕ್ಕಿಳಿಯುತ್ತದೆ. ಈ ಎಣ್ಣೆ ಕೆಡುವುದೇ ಇಲ್ಲ ಎಂದು ಚಾಳಿನಲ್ಲೆಲ್ಲ ಹೇಳಿಕೊಂಡು ತಿರುಗಿದವನು ಕಾಶಪ್ಪನೇ.

ಮನೆಗೆ ಬಂದವನೇ ಶೀಸೆಯನ್ನು ಮೋರಿಗೆ ಸುರಿದ. ಸಂಜೆ ದಾನವ್ವ ಎಂದಿನಂತೆ ಕಾಲು ಚಾಚಿದಳು.

"ಎಣ್ಣಿ ಮುಗದೈತಿ," ಎಂದ.

"ಬರೇ ಕೈಲೇ ತಿಕ್ಕರಿ. ನಿಮ್ಮ ಕೈ ತಾಗಿದ್ರ ಸಾಕು ನನಗ."

ಕಾಶಪ್ಪ ನಲ್ಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದ. ಮೂಸಿ ನೋಡಿದ. ಮತ್ತೆ ತೊಳೆದ. ಒಳಗಿನಿಂದ ದಾನವ್ವ ಕರೆಯುತ್ತಲೇ ಇದ್ದಳು.