ಚಿಗವ್ವನ ಪಾಲಿನ ಸೀತನಿ

ಆಗೆಲ್ಲ ಸಂಕ್ರಾಂತಿ ಹತ್ತಿರವಾಯಿತೆಂದರೆ ನಮ್ಮ ಸಿರಸಂಗಿಯ ಹೊಲಗಳಲ್ಲಿ ಸೀತನಿಯ ಹೊಗೆ ಏಳುತ್ತಿತ್ತು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರೆ, ಆಹಾ, ಅದರ ಮುಂದೆ ಹೋಳಿಗೆಯೂ ಬೇಡ! ತುಟಿ, ಮೂಗು, ಲಂಗ ಎಲ್ಲ ಮಸಿ. ನನಗಾಗ ಹತ್ತು ವರ್ಷ. ಹೊಟ್ಟೆಬಾಕಿ ಎಂದು ಓಣಿಗೆಲ್ಲ ಹೆಸರಾದವಳು ನಾನು.

ಆ ವರ್ಷ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಬಸುರಿ. ಮೂವತ್ತೇಳರ ವಯಸ್ಸಿನಲ್ಲಿ ಮೊದಲ ಬಸಿರು. ಅನ್ನ ಕಂಡರೆ ವಾಂತಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ, "ಸೀತನಿ ತಿನಬೇಕು ಅನಸಾಕತ್ತೈತಿ" ಎಂದಳು. ಆಯಿ, ಅಂದರೆ ನನ್ನ ಅಜ್ಜಿ, ನನ್ನ ಕೈಗೊಂದು ಅರಿವೆ ಕೊಟ್ಟು ಹೊಲಕ್ಕೆ ಅಟ್ಟಿದಳು.

"ಲಗೂ ತಗೊಂಡ ಬಾ. ಬಸರಿ ಬಯಕಿ ತೀರಲಿಲ್ಲಂದ್ರ ಹುಟ್ಟೂ ಕೂಸಿನ ಕಿವಿ ಸೋರತಾವ."

ಅಪ್ಪ ಸುಟ್ಟು, ಗಂಟು ಕಟ್ಟಿ ಕೊಟ್ಟ. ಗಂಟು ಘಮಘಮ, ದಾರಿ ಉದ್ದ. ಒಂದು ಮುಕ್ಕು ತಿಂದೆ, ಆಮೇಲೆ ಇನ್ನೊಂದು. ಮನೆ ಮುಟ್ಟುವಷ್ಟರಲ್ಲಿ ಅರಿವೆಯಲ್ಲಿ ಹೊಟ್ಟಷ್ಟೇ ಇತ್ತು. "ದಾರ್ಯಾಗ ಚೆಲ್ಲಿ ಹೋತು" ಎಂದೆ. ಚಿಗವ್ವ ನನ್ನ ಕರಿ ತುಟಿ ನೋಡಿ ನಕ್ಕುಬಿಟ್ಟಳು. ಮರುದಿನ ಬೇರೆ ಸೀತನಿ ತಂದರೆ ವಾಸನೆಯೇ ಬೇಡವೆಂದಳು.

ಅದಾಗಿ ಕೆಲ ದಿನಕ್ಕೆ ಚಿಗವ್ವನ ಮೂರನೇ ತಿಂಗಳ ಸ್ಕ್ಯಾನ್, ರಕ್ತ ಪರೀಕ್ಷೆ ಆದವು. ಸ್ಕ್ಯಾನ್ ಮಾಡಿದವರು ಏನೋ ಸಂಶಯ ಎಂದಿದ್ದರಿಂದ ವರದಿ ಕೇಳಲು ಮನೆಯವರೆಲ್ಲ ಬೈಲಹೊಂಗಲಕ್ಕೆ ಹೊರಟ ದಿನ, ಬಸ್ಸಿನ ಆಸೆಗೆ ನಾನೂ ಬೆನ್ನು ಹತ್ತಿದೆ.

"ಕೂಸಿನ ಕುತಗಿ ಹಿಂದ ನೀರಿನ ಪದರ ಇರಬೇಕಾದ್ದಕ್ಕಿಂತ ದಪ್ಪ ಕಾಣಾಕತ್ತೈತಿ. ರಕ್ತದ ವರದೀನೂ ಹಂಗ ಬಂದೈತಿ" ಎಂದರು ಡಾಕ್ಟರಬಾಯಿ. "ಡೌನ್ ಸಿಂಡ್ರೋಮ್ ಇರಬಹುದು. ಇದು ಸಂಶಯ ಅಷ್ಟ. ಖಾತ್ರಿ ಆಗಬೇಕಂದ್ರ ಮುಂದಿನ ತಿಂಗಳ ಸೂಜೀಲೆ ಗರ್ಭದಾಗಿನ ನೀರು ತಗದು ನೋಡಬೇಕು." ಅಂಥ ಮಕ್ಕಳು ಮಾತು, ನಡಿಗೆ ತಡವಾಗಿ ಕಲಿಯುತ್ತಾರೆ, ಕೆಲವರಿಗೆ ಹೃದಯದ ತೊಂದರೆ ಇರುತ್ತದೆ, ಕಿವಿ ಸೋರುವುದೂ ಉಂಟು ಎಂದರು.

ಕಿವಿ ಎಂದದ್ದೇ ತಡ, ನಾನು ಬೋರಾಡಿ ಅತ್ತುಬಿಟ್ಟೆ. "ಸೀತನಿ ನಾನ ತಿಂದೇನ್ರಿ! ಚೆಲ್ಲಿರಲಿಲ್ರಿ!"

ಆಯಿ ನನ್ನನ್ನು ಎಳೆದು ತಬ್ಬಿಕೊಂಡಳು. "ನಿಂದಲ್ಲ ಬಿಡ ಯವ್ವಾ. ಅಮಾಸಿ ದಿನ ಬಸರಿ ಸೊಸೀನ್ನ ಹೊಲಕ್ಕ ಕಳಿಸಿದಾಕಿ ನಾನು."

ಕಾಕಾ ತಲೆ ತಗ್ಗಿಸಿದ. "ತಗ್ಗಿನ ದಾರ್ಯಾಗ ಗಾಡಿ ಮ್ಯಾಲ ಕುಂದರಿಸಿಕೊಂಡ ಹೋಗಿದ್ದೆ ನಾನು."

"ಯಾರದೂ ಅಲ್ಲ. ವಯಸ್ಸ ಮೀರಿ ಬಸರಾದ ತಪ್ಪು ನಂದ" ಎಂದಳು ಚಿಗವ್ವ. ಅಷ್ಟು ದಿನ ಒಬ್ಬೊಬ್ಬರೂ ಒಳಗೊಳಗೇ ಬೇಯುತ್ತಿದ್ದರೆಂದು ಅವತ್ತೇ ಗೊತ್ತಾಯಿತು.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ಇಷ್ಟ ಮಂದಿ ಕಳ್ಳರು ಒಮ್ಮೆಲೆ ಸಿಕ್ಕಿದ್ದಿಲ್ಲ ನೋಡ್ರಿ ನನಗ!" ಎಂದು ನಕ್ಕು, ಆಮೇಲೆ ನಿಧಾನವಾಗಿ ಹೇಳಿದರು. "ನಮ್ಮ ಮೈಯಾಗಿನ ಒಂದೊಂದು ಕಣದಾಗ ವರ್ಣತಂತು ಅಂತ ನಲವತ್ತಾರು ಎಳಿ ಇರತಾವ. ಈ ಮಕ್ಕಳಿಗೆ ಒಂದ ಎಳಿ ಹೆಚ್ಚು. ವಯಸ್ಸಾದವರಿಗೆ ಸಾಧ್ಯತೆ ಜಾಸ್ತಿ ಖರೆ, ಆದ್ರ ಸಣ್ಣ ವಯಸ್ಸಿನವರಿಗೂ ಆಗತೈತಿ. ಯಾರ ತಪ್ಪೂ ಅಲ್ಲ. ಅದು ಗರ್ಭ ನಿಂತಾಗನ ಆಗಿ ಹೋಗಿರತೈತಿ." ನನ್ನ ಕಡೆ ತಿರುಗಿದರು. "ನಿನ್ನ ಸೀತನಿ ಆಗ ಇನ್ನಾ ತೆನೀನ ಬಿಟ್ಟಿರಲಿಲ್ಲ, ತಂಗಿ."

ಆ ಮಾತಿಗೆ ನಾನು ಇಂದಿಗೂ ಋಣಿ. ಇಲ್ಲದಿದ್ದರೆ ಆ ಪಾಪವನ್ನು ಎದೆಯಲ್ಲಿಟ್ಟುಕೊಂಡೇ ಬೆಳೆಯುತ್ತಿದ್ದೆ.

ಮುಂದಿನ ತಿಂಗಳ ಪರೀಕ್ಷೆಯಲ್ಲಿ ಅದೇ ಖಾತ್ರಿಯಾಯಿತು. ಇಟ್ಟುಕೊಳ್ಳುವುದು, ಬಿಡುವುದು ನಿಮ್ಮಿಬ್ಬರ ತೀರ್ಮಾನ, ಮಂದಿಯ ಮಾತು ಕೇಳಬೇಡಿ ಎಂದರು ಡಾಕ್ಟರಬಾಯಿ. ಮಂದಿ ಸುಮ್ಮನಿರುತ್ತಾರೆಯೇ! ಮೂರು ದಿನ ಚಿಗವ್ವ ಬಂದವರ ಮಾತೆಲ್ಲ ಕೇಳಿಸಿಕೊಂಡಳು. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಾ, "ಮೊದಲ ಗೊತ್ತಾತಲ್ಲ, ತಯಾರಾಗೂಣು" ಎಂದಳು. ಗೊತ್ತಿದ್ದುದರಿಂದಲೇ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೂಸಿನ ಹೃದಯದಲ್ಲಿದ್ದ ರಂಧ್ರವನ್ನು ವರ್ಷ ತುಂಬುವುದರೊಳಗೆ ಮುಚ್ಚಿದರು. ಗಂಗಾ ಉಳಿದಳು.

ಈಗ ಅವಳಿಗೆ ಹದಿನಾಲ್ಕು. ಕಿವಿ ಆಗಾಗ ಸೋರುತ್ತವೆ, ನಾನು ಊರಲ್ಲಿದ್ದಾಗ ಔಷಧ ಹಾಕುವವಳು ನಾನೇ. ನಮ್ಮ ಹೊಲದಲ್ಲಿ ಜೋಳ ಹೋಗಿ ಕಬ್ಬು ಬಂದಿದೆ. ಸೀತನಿಯನ್ನು ರಸ್ತೆ ಬದಿಯಲ್ಲಿ ಕೊಳ್ಳುತ್ತೇವೆ. ತಪ್ಪನ್ನು ತನ್ನ ತಲೆಗೆ ಎಳೆದುಕೊಂಡು ನನ್ನನ್ನು ತಬ್ಬಿಕೊಂಡ ಆಯಿ ಹೋಗಿ ಆರು ವರ್ಷವಾಯಿತು. ಅಂಥವರನ್ನು ಮತ್ತೆ ನಾನು ಕಂಡಿಲ್ಲ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ, ಓಣಿಯ ತುದಿಯಲ್ಲಿ ಮಾರುವವಳಿಂದ ನನಗೆ ಸೀತನಿ ತರಲು ಚಿಗವ್ವ ಗಂಗಾಳನ್ನು ಕಳಿಸಿದಳು. ಎಷ್ಟೋ ಹೊತ್ತಿಗೆ ಬಂದಳು. ಕೈಯಲ್ಲಿ ಬರೀ ಪೊಟ್ಟಣ, ತುಟಿಯೆಲ್ಲ ಮಸಿ.

"ಚೆಲ್ಲಿ ಹೋತು ಅಕ್ಕಾ" ಎಂದಳು.

ಚಿಗವ್ವ ಅವಳ ತುಟಿ ನೋಡಿದಳು, ನನ್ನನ್ನು ನೋಡಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಯಿ ಇರಬೇಕಿತ್ತು.