ಹೊಟ್ಟೆ ತುಂಬಿದ ಮೇಲಿನ ಅಳತೆ

ಬೆಳಗಿನ ಐದೂವರೆ. ಪುವೆಬ್ಲಾ ನಗರದ ನಮ್ಮ ಬೀದಿಗೆ ಕಸದ ಗಾಡಿ ಬರುವ ಮುಂಚೆಯೇ ಹೆನೊವೇವಾ ಅವರ ಹೊಲಿಗೆ ಯಂತ್ರ ಸದ್ದು ಮಾಡುತ್ತದೆ. ವಯಸ್ಸು ಅರವತ್ತೆಂಟು, ದಪ್ಪ ಕನ್ನಡಕ, ಬಾಯಲ್ಲಿ ಗುಂಡುಸೂಜಿ. ಹುಡುಗಿಯರ ಹದಿನೈದನೇ ಹುಟ್ಟುಹಬ್ಬಕ್ಕೆ, ಪದವಿ ಸಮಾರಂಭಕ್ಕೆ ಅಂತ ವಾರಕ್ಕೆರಡು ಗೌನು. ನಲವತ್ತೊಂದು ವರ್ಷದಿಂದ ಇದೇ ಕೆಲಸ.

"ತಾಯಂದಿರದ್ದೆಲ್ಲ ಒಂದೇ ರಾಗ. ‘ಅಷ್ಟೊತ್ತಿಗೆ ಸಣ್ಣ ಆಗ್ತಾಳೆ, ಸೊಂಟ ಎರಡು ಬೆರಳು ಕಮ್ಮಿ ಹೊಲೀರಿ’ ಅಂತಾರೆ. ನಾನು ಹೂಂ ಅಂತೀನಿ" ಎಂದು, ಪತ್ರಿಕೆಗೆ ಬರೆಯಲು ಬಂದ ನನ್ನತ್ತ ನೋಡಿ, ಬಾಯಿಂದ ಸೂಜಿ ತೆಗೆದು ನಗುತ್ತಾರೆ. ಹೂಂ ಅಂದವರು ಬೇಕಾದಾಗ ಬಿಚ್ಚಿ ಸಡಿಲಿಸಲೆಂದು ಪಕ್ಕದ ಹೊಲಿಗೆಯೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಚ್ಚಿಡುತ್ತಾರೆ. ಶುರುವಿನಲ್ಲಿ ಹೀಗಿರಲಿಲ್ಲ. ಹೇಳಿದಂತೆಯೇ ಬಿಗಿಯಾಗಿ ಹೊಲಿದ ಗೌನು ತೊಟ್ಟ ಹುಡುಗಿಯೊಬ್ಬಳು ಇಗರ್ಜಿಯಲ್ಲಿ ಪೂಜೆಯ ನಡುವೆಯೇ ಕುಸಿದುಬಿದ್ದಳು.

"ಮೂರು ದಿನ ಬರೀ ನೀರು ಕುಡಿದಿದ್ಲಂತೆ. ಆ ಪಾಪದಲ್ಲಿ ನಂದೂ ಪಾಲಿದೆ."

ಇಂದು ಬಂದಿರುವವಳು ಇತ್ಸೆಲ್. ವಿಶ್ವವಿದ್ಯಾಲಯದ ಹುಡುಗಿ, ಕೊರಳಲ್ಲಿ ಸ್ತ್ರೀವಾದಿಗಳ ನೇರಳೆ ವಸ್ತ್ರ. ಮಾರ್ಚ್ ತಿಂಗಳ ಮಹಿಳಾ ದಿನದ ಮೆರವಣಿಗೆಯಲ್ಲಿ "ನನ್ನ ದೇಹ ನನ್ನದು" ಎಂದು ಬೀದಿ ನಡುಗುವಂತೆ ಕೂಗಿದವಳು. ನಾಳೆ ಅವಳ ಪದವಿ ಸಮಾರಂಭ. ಎರಡು ಬೆರಳು ಕಮ್ಮಿ ಎಂದು ಈ ಸಲ ಹೇಳಿದ್ದು ತಾಯಿಯಲ್ಲ, ಅವಳೇ. ಜಿಪ್ ಅರ್ಧಕ್ಕೇ ನಿಂತಿದೆ.

"ನಾಳೆ ನಾ ಹೋಗಲ್ಲ ಅಮ್ಮಾ. ಮೂರು ವಾರದಿಂದ ರಾತ್ರಿ ಊಟ ಬಿಟ್ಟಿದೀನಿ, ಆದ್ರೂ ನೋಡಿ! ಕನ್ನಡಿ ನೋಡಿ ಕೊರಗಬೇಡಿ ಅಂತ ಗೆಳತಿಯರಿಗೆ ಭಾಷಣ ಬಿಗಿಯೋಳು ನಾನೇ. ಎಂಥಾ ಮೋಸಗಾತಿ ನಾನು!" ಎಂದು ಹೆನೊವೇವಾ ಅವರೆದುರು ಅಳುತ್ತಾಳೆ.

"ಮೋಸಗಾತಿ ಅಲ್ಲ ಕಣೇ, ಹಸಿದಿದೀಯ. ಅಲ್ವೇ, ಒಂದಿನ ಕೂಗಿದ ಮಾತ್ರಕ್ಕೆ ಇಷ್ಟು ವರ್ಷದ ನಾಚಿಕೆ ಹೋಗ್ಬಿಡತ್ತಾ? ಗೌನು ಬಿಚ್ಚಿಕೊಡು. ತಿಂದು ಆಮೇಲೆ ಹಾಕ್ಕೋ, ಹೊಟ್ಟೆ ತುಂಬಿದ ಮೇಲೆ ನೋಡಿದ್ದೇ ಸರಿಯಾದ ಅಳತೆ."

ಮೆಕ್ಕೆಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ತಮಾಲೆಯನ್ನು ಮುಂದಿಟ್ಟು ಹೆನೊವೇವಾ ಹೊಲಿಗೆ ಬಿಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಗೌನು ಸಿದ್ಧ. ಜಿಪ್ ಸಲೀಸಾಗಿ ಮೇಲೇರುತ್ತದೆ. ಇತ್ಸೆಲ್ ಕನ್ನಡಿಯೆದುರು ಬಹಳ ಹೊತ್ತು ನಿಲ್ಲುತ್ತಾಳೆ. ಪೂರ್ತಿ ಮೆಚ್ಚಿದಳು ಎಂದು ನಾನು ಸುಳ್ಳು ಬರೆಯಲಾರೆ. ಆದರೆ "ನಾಳೆ ನೀವೂ ಬನ್ನಿ ಅಮ್ಮಾ" ಅನ್ನುತ್ತಾಳೆ. ಪತ್ರಿಕೆಯಲ್ಲಿ ನಿನ್ನ ಹೆಸರು ಬದಲಿಸಲೇ ಎಂದು ನಾನು ಕೇಳಿದರೆ, "ಬೇಡ, ಗೆಳತಿಯರೂ ಓದ್ಲಿ" ಎನ್ನುತ್ತಾಳೆ.

ಅವಳು ಹೋದ ಮೇಲೆ ನಾನು ಕೇಳುತ್ತೇನೆ: "ನೀವೂ ಸ್ತ್ರೀವಾದಿಯೇ?"

"ಅದೆಲ್ಲ ಓದಿದವ್ರು ಹೇಳ್ಬೇಕು. ನಾನು ಕೊಟ್ಟಿದ್ದು ಒಂದು ತಮಾಲೆ. ಇನ್ನೊಂದಿದೆಯಾ ಅಂತ ಅವಳೇ ಕೇಳಿದ್ಲು, ಕೇಳಿಸ್ಕೊಂಡ್ರಲ್ಲ?"